ಅರ್ಧ ಕೊಳದ ಒಪ್ಪಿಗೆ

ಜೂನ್ ೧೨

ಪ್ರೀತಿಯ ಅತ್ತೆ,

ಫೋನ್ ಮಾಡಿದರೆ ನಾನು ಬರೀ ಹೂಂ ಎನ್ನುತ್ತೇನೆ, ಅದನ್ನು ಕೇಳಲು ನಿಮಗೆ ಪುರುಸೊತ್ತಿಲ್ಲ, ಏನಿದ್ದರೂ ಬರೆದು ಕಳಿಸು ಎಂದು ಹೇಳಿ ಹೋದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಆಪರೇಷನ್ ಮಾಡಿ ಹಾಕಿದ ಹೊಸ ಮಂಡಿ ಹೇಗಿದೆ? ಆರೈಕೆ ಕೇಂದ್ರದವರು ನಿಮ್ಮ ಮಾತು ಕೇಳುತ್ತಿದ್ದಾರೆ ತಾನೇ?

ನೀವು ಬರುವವರೆಗೆ ಶಾಂತಿ ಮತ್ತು ನೀರು ಸಮಿತಿಯಲ್ಲಿ ನಿಮ್ಮ ಕುರ್ಚಿಯಲ್ಲಿ ನಾನು ಕೂರಬೇಕು ಎಂದಿರಿ. ಕೂತೆ. ಶನಿವಾರ ಸಂಜೆ ವೃತ್ತದಲ್ಲಿ ‘ಯುದ್ಧ ಬೇಡ’ ಫಲಕ ಹಿಡಿದು ಒಂದು ಗಂಟೆ ಮೌನವಾಗಿ ನಿಲ್ಲುವುದನ್ನೂ ಮಾಡಿದೆ. ಅದರಲ್ಲಿ ಒಂದಿಷ್ಟೂ ಕಷ್ಟವಾಗಲಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಹೋರಾಟ ಅದು. ಪಾಪ, ಕಷ್ಟವಾದದ್ದು ಬೇಕರಿಯವರಿಗೆ. ಯಾರೋ ಬಸ್ ನಿಲ್ದಾಣಕ್ಕೆ ದಾರಿ ಕೇಳಿದರು. ಅವರು ತಡೆಯಲಾರದೆ ದಾರಿ ಹೇಳಿದರು, ಆ ದಾರಿಯಲ್ಲಿ ಸಿಗುವ ತಮ್ಮ ಅಂಗಡಿಯ ಬಗ್ಗೆ ಹೇಳಿದರು, ಅಲ್ಲಿ ಬ್ರೆಡ್ಡು ಎಷ್ಟು ಹೊತ್ತಿಗೆ ಬಿಸಿಯಾಗಿ ಸಿಗುತ್ತದೆ ಎಂದು ಹೇಳಿದರು, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಈಗ ಸಭೆಯ ವಿಷಯ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಬೇಕರಿಯ ಮಹಡಿಯಲ್ಲಿ ಹಿಟ್ಟಿನ ಚೀಲಗಳ ನಡುವೆ ಎಂದಿನಂತೆ ಎಲ್ಲರೂ ಸುತ್ತ ಕೂತಿದ್ದರು. ನಗರಸಭೆಯ ಇಂಜಿನಿಯರ್ ನಕ್ಷೆಯ ಸುರುಳಿ ಹಿಡಿದು ಬಂದರು. ಹೂಳು ತೆಗೆಸುವ ತಾಪತ್ರಯ ತಪ್ಪಲಿ ಎಂದು ನಮ್ಮ ಬೀದಿಯ ಹಿಂದಿನ ಕೊಳವನ್ನು ನಗರಸಭೆ ಹಿಂದೆ ಸಮಿತಿಯ ವಶಕ್ಕೆ ಕೊಟ್ಟಿತ್ತಲ್ಲ, ಹಾಗಾಗಿ ಈಗ ಅದನ್ನು ಮುಟ್ಟಬೇಕಾದರೆ ಸಮಿತಿಯ ಒಪ್ಪಿಗೆ ಬೇಕಂತೆ. ಕೊಳದ ಅರ್ಧ ಭಾಗ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರೆ. ಉಳಿದ ಅರ್ಧಕ್ಕೆ ಗೋಡೆ, ಕಾರಂಜಿ, ಬಣ್ಣದ ದೀಪ. ಅವರು ಒಳ್ಳೆಯವರು ಅತ್ತೆ. ಕಪ್ಪು ಪ್ಯಾಂಟಿಗೆಲ್ಲ ಹಿಟ್ಟು ಮೆತ್ತಿಕೊಂಡರೂ ಮುಖ ಕಿವುಚಲಿಲ್ಲ. ಇಡೀ ಕೊಳ ಹೋಗುವುದಕ್ಕಿಂತ ಅರ್ಧ ಉಳಿಯುವುದು ವಾಸಿ ಎಂದು ಮೇಷ್ಟ್ರು ಹೇಳಿದರು. ಎಲ್ಲರೂ ತಲೆಯಾಡಿಸಿದರು.

ಆಮೇಲೆ ನೀವು ಮಾಡಿಟ್ಟ ನಿಯಮ. ಮತ ಹಾಕುವಂತಿಲ್ಲ, ಕೈ ಎತ್ತುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ‘ಒಪ್ಪಿದೆ’ ಎನ್ನಬೇಕು. ಒಬ್ಬರು ಅನ್ನದಿದ್ದರೂ ವಿಷಯ ಮುಂದಿನ ಸಭೆಗೆ. ಮೇಷ್ಟ್ರು ಒಪ್ಪಿದೆ ಎಂದರು. ಹಲ್ಲಿನ ಡಾಕ್ಟರಮ್ಮನೂ ಒಪ್ಪಿದೆ ಎಂದರು. ಬೇಕರಿಯವರು ಒಪ್ಪಿದೆ ಎಂದದ್ದಲ್ಲದೆ, ಯಾಕೆ ಒಪ್ಪಿದ್ದೇನೆ ಎಂದೂ ವಿವರಿಸಿದರು. ಹಾಗೆ ಸುತ್ತಿಕೊಂಡು ನನ್ನ ಸರದಿ ಬಂತು. ಎಲ್ಲರ ಕಣ್ಣೂ ನನ್ನ ಮೇಲೆ. ಬಾಯಿ ತೆಗೆದೆ.

“ಬಾಯಿ ತೆಗೆದಿದ್ದಾಳೆ, ತಡೀರಿ,” ಎಂದರು ಡಾಕ್ಟರಮ್ಮ, ಅಭ್ಯಾಸಬಲದಿಂದ.

ತೆಗೆದ ಬಾಯಿಂದ ಏನೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಮೇಷ್ಟ್ರು ಕನ್ನಡಕ ತೆಗೆದು, “ಈ ಹುಡುಗಿ ಒಪ್ತಾ ಇಲ್ಲ. ಅವಳ ಅತ್ತೆಯದೇ ಗುಣ,” ಎಂದರು. ವಿಷಯ ಮುಂದಕ್ಕೆ ಹೋಯಿತು. ಮೆಟ್ಟಿಲಿಳಿಯುವಾಗ ಬೇಕರಿಯವರು ನನ್ನ ಕೈಗೊಂದು ಬನ್ನು ಕೊಟ್ಟು, ನಮಗೆಲ್ಲ ನಾಚಿಕೆಯಾಗುವ ಹಾಗೆ ಮಾಡಿದೆ ಮಗಳೇ ಎಂದರು.

ಅತ್ತೆ, ನಿಮಗೊಬ್ಬರಿಗೇ ಹೇಳುತ್ತೇನೆ. ನಾನೂ ಒಪ್ಪಿದೆ ಎನ್ನಬೇಕೆಂದೇ ಇದ್ದೆ. ಮಾತು ಹೊರಡಲಿಲ್ಲ, ಅಷ್ಟೇ.

ನಿಮ್ಮ,
ಗುಬ್ಬಿ


ಜೂನ್ ೧೯

ಗುಬ್ಬಿ,

ಆ ಕೊನೆಯ ಸಾಲನ್ನು ಇನ್ನು ಯಾರಿಗೂ ಹೇಳಬೇಡ. ಸಾಯುವವರೆಗೆ ಹೇಳಬೇಡ.

ಇಷ್ಟು ವರ್ಷ ಗಂಟಲು ಹರಿದುಕೊಂಡು ಆ ಜನರನ್ನು ನಾನು ಒಂದು ಸಲವೂ ನಾಚಿಸಿಲ್ಲ. ನೀನು ಬಾಯಿ ಬಿಟ್ಟುಕೊಂಡು ಕೂತು ನಾಚಿಸಿದ್ದೀಯ. ಹೊಟ್ಟೆಕಿಚ್ಚಾಗುತ್ತಿದೆ.

ಆದರೆ ಇನ್ನೊಂದು ಮಾತು. ಜನ ನಿನ್ನನ್ನು ಯಾಕೆ ಒಪ್ಪಲಿಲ್ಲ ಎಂದು ಕೇಳುತ್ತಾರೆ. ಆಗ ಹೇಳಲು ಏನಾದರೂ ಇರಬೇಕು. ಕೊಳವನ್ನು ಕೊನೆಯ ಸಲ ನೋಡಿದ್ದು ಯಾವಾಗ? ಮೂಗು ಮುಚ್ಚಿಕೊಂಡು ಹಾದುಹೋಗಿದ್ದಲ್ಲ, ನೋಡಿದ್ದು. ಹೋಗಿ ಕೂತು ನೋಡು. ಆಮೇಲೂ ಅರ್ಧ ಕೊಟ್ಟರೆ ಪರವಾಗಿಲ್ಲ ಅನ್ನಿಸಿದರೆ ಒಪ್ಪಿದೆ ಅನ್ನು, ನಾನು ಬೈಯುವುದಿಲ್ಲ. ಅಂದರೆ, ಬೈಯುತ್ತೇನೆ, ಆದರೆ ಅನ್ನು.

ಮಂಡಿ ಮಡಚುತ್ತದೆ. ಇಲ್ಲಿ ಪ್ಲಾಸ್ಟಿಕ್ ಲೋಟದ ಬಳಕೆ ನಿಲ್ಲಿಸಿದ್ದೇನೆ. ಈಗ ಎಲ್ಲರಿಗೂ ಲೋಟ ಕಮ್ಮಿಯಾಗಿ, ಔಷಧಿ ಕುಡಿಯಲು ಸಾಲು ನಿಲ್ಲುತ್ತಿದ್ದಾರೆ. ನನ್ನನ್ನು ನೋಡಿದರೆ ನರ್ಸು ದಾರಿ ಬದಲಿಸುತ್ತಾಳೆ.

ನಿನ್ನ ಅಪ್ಪ ಹೇಗಿದ್ದಾನೆ ಎಂದು ನಾನು ಕೇಳುತ್ತಿಲ್ಲ.

ಅತ್ತೆ


ಜುಲೈ ೮

ಪ್ರೀತಿಯ ಅತ್ತೆ,

ನೀವು ಕೇಳದಿದ್ದರೂ ಹೇಳುತ್ತೇನೆ, ಬೆನ್ನುನೋವು ಬಿಟ್ಟರೆ ಅಪ್ಪ ಚೆನ್ನಾಗಿದ್ದಾರೆ, ಆದರೆ ಗೋಡೆಯ ಜೊತೆ ಮಾತಾಡುತ್ತಿದ್ದಾರೆ.

ಎರಡನೆಯ ಸಭೆಯಲ್ಲೂ ನನ್ನ ಬಾಯಿಂದ ಏನೂ ಬರಲಿಲ್ಲ. ಈ ಸಲ ಇಂಜಿನಿಯರ್ ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ಕಾರಂಜಿಯ ಬಣ್ಣ ಬೇಕಾದರೆ ಬದಲಾಯಿಸುತ್ತೇವೆ ಎಂದು ಮೆತ್ತಗೆ ಕೇಳಿಕೊಂಡರು. ನಾನು ಅವರ ಶೂ ನೋಡುತ್ತಿದ್ದೆ. ಸುದ್ದಿ ಬೀದಿಯೆಲ್ಲ ಹರಡಿತು. ಕಾರು ನಿಲ್ಲಿಸುವ ಜಾಗ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಯಾರಿಗೆ ಎಂದು ನಿಮಗೆ ಗೊತ್ತಲ್ಲ. ಅಪ್ಪನ ಅಂಗಡಿಗೆ ಬಂದವರು ಹಾಸಿಗೆ ಕೊಂಡು ಅದನ್ನು ಎರಡು ಬೀದಿ ಆಚೆ ನಿಲ್ಲಿಸಿದ ಕಾರಿನವರೆಗೆ ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕು. ಅರ್ಧ ಜನ ಹಾಸಿಗೆ ಮುಟ್ಟಿ, ಒತ್ತಿ, ಮಲಗಿ, ಎದ್ದು, ದೂರವನ್ನು ನೆನೆಸಿಕೊಂಡು ದಿಂಬು ಕೊಂಡು ಹೋಗುತ್ತಾರೆ. ನಾನು ಗಲ್ಲಾದಲ್ಲಿ ಕೂತು ದಿನವೂ ನೋಡುತ್ತೇನೆ.

ಅಪ್ಪ ಇದನ್ನೆಲ್ಲ ನನಗೆ ನೇರವಾಗಿ ಹೇಳುವುದಿಲ್ಲ. ಊಟಕ್ಕೆ ಕೂತಾಗ ಎದುರಿನ ಗೋಡೆಗೆ, “ಕೆಲವರು ಇರ್ತಾರೆ, ಅಪ್ಪನ ಅಂಗಡೀಲೇ ಕೂತು ಅಪ್ಪನ ಅಂಗಡಿಗೇ ಬೀಗ ಹಾಕಿಸ್ತಾರೆ,” ಎನ್ನುತ್ತಾರೆ. ನನಗೂ ಗೋಡೆಗೆ ಉತ್ತರ ಕೊಡುವ ಧೈರ್ಯವಿಲ್ಲ.

ನೀವು ಹೇಳಿದ ಹಾಗೆ ಕೊಳ ನೋಡಿದೆ. ಈಗ ದಿನಾ ಹೋಗುತ್ತೇನೆ. ಬೀದಿಯ ಕಡೆಯದು ಆಳ, ಕಲ್ಲು ಕಟ್ಟಿದ ದಡ, ನೀರು ಹಸಿರುಗಟ್ಟಿ ಸುಮ್ಮನೆ ನಿಂತಿರುತ್ತದೆ. ಅಲ್ಲಿ ಒಂದು ಮೀನೂ ಮೇಲೆ ಬರುವುದಿಲ್ಲ. ಹಿಂದಿನ ಕಡೆ ಮೊಣಕಾಲಿನಷ್ಟೂ ನೀರಿಲ್ಲ, ಜೊಂಡು, ಕೆಸರು, ವಾಸನೆ. ಇರುವುದೆಲ್ಲ ಅಲ್ಲೇ. ಕಪ್ಪೆ, ಅದರ ಮರಿ, ಗಾಜಿನಂಥ ರೆಕ್ಕೆಯ ಕೊಡತಿ ಹುಳ, ಕೆಂಪು ಕೊಕ್ಕಿನ ನೀರುಕೋಳಿ. ಇಂಜಿನಿಯರ ನಕ್ಷೆಯಲ್ಲಿ ಮುಚ್ಚುವುದು ಆ ಅರ್ಧವನ್ನೇ, ಮಣ್ಣು ಕಡಿಮೆ ಸಾಕಾಗುತ್ತದೆಂದು. ಇದು ಮನೆಯಿಂದ ಅಡುಗೆಮನೆ, ಮಲಗುವ ಕೋಣೆ ತೆಗೆದು ಮೆಟ್ಟಿಲಿಗೆ ಬಣ್ಣ ಹಚ್ಚಿಕೊಟ್ಟ ಹಾಗೆ. ಅರ್ಧ ಕೊಳ ಎಂದು ಯಾವುದೂ ಉಳಿಯುವುದಿಲ್ಲ ಅತ್ತೆ.

ಇನ್ನೊಂದು. ಜೊಂಡಿನ ಮಧ್ಯೆ ಯಾರೋ ಎಸೆದ ಹಳೆಯ ಹಾಸಿಗೆ ತೇಲುತ್ತಿದೆ. ಅದರ ಮೇಲೆ ನೀರುಕೋಳಿ ಗೂಡು ಕಟ್ಟಿ ಮೊಟ್ಟೆಯಿಟ್ಟಿದೆ. ಅಂಚಿನ ಚೀಟಿ ಇನ್ನೂ ಅಳಿಸಿಲ್ಲ. ನಮ್ಮ ಅಂಗಡಿಯದೇ.

ಈಗ ನನಗೆ ನಿಜವಾಗಿ ಒಪ್ಪಿಗೆ ಇಲ್ಲ. ಅದನ್ನೂ ಹೇಳಲು ಆಗುತ್ತಿಲ್ಲ. ಎರಡಕ್ಕೂ ಒಂದೇ ಮುಖ ಇಟ್ಟುಕೊಂಡು ಕೂತಿರುತ್ತೇನೆ.

ನಿಮ್ಮ,
ಗುಬ್ಬಿ


ಜುಲೈ ೧೫

ಅಕ್ಕನಿಗೆ,

ನಿನ್ನ ತಮ್ಮ ಮಾಡುವ ವಿಜ್ಞಾಪನೆ. ಅಂಗಡಿಯ ಕಾಗದದಲ್ಲಿ ಬರೆಯುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಮನೆಯಲ್ಲಿ ಬರೆದರೆ ಮಗಳು ನೋಡುತ್ತಾಳೆ. ಮೇಲಿರುವ ‘ನಿದ್ದೆಯೇ ನಮ್ಮ ಸೇವೆ’ ಎಂಬುದನ್ನು ಓದದೆ ಬಿಡು.

ಮಂಡಿಯ ವಿಷಯ ಕೇಳಿದೆ. ಗುಣವಾಗಲಿ.

ನಾವು ಮಾತು ಬಿಟ್ಟು ಬಹಳ ಕಾಲವಾಯಿತು. ಯಾಕೆ ಎಂದು ನಾನು ನೆನಪಿಸಬೇಕಾಗಿಲ್ಲ, ಆದರೂ ನೆನಪಿಸುತ್ತೇನೆ. ಅಂಗಡಿ ತೆರೆದ ದಿನ. ಊರಿಗೆಲ್ಲ ಹೇಳಿದ್ದೆ. ನೀನೂ ಬಂದೆ, ಬಾಗಿಲಿನ ಎದುರಿಗೆ ‘ಫೋಮು ಮಣ್ಣಲ್ಲಿ ಕರಗುವುದಿಲ್ಲ’ ಎಂಬ ಫಲಕ ಹಿಡಿದು ನಿಂತೆ. ಬಂದವರೆಲ್ಲ ಅದನ್ನು ಓದಿಕೊಂಡೇ ಒಳಗೆ ಬಂದರು. ನೀನು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಸಂಜೆಗೆ ಮುಗಿಯುತ್ತಿತ್ತು. ನೀನು ಸುಮ್ಮನೆ ನಿಂತೆ ಅಕ್ಕ. ಸುಮ್ಮನೆ ನಿಂತವರ ಹತ್ತಿರ ಜಗಳ ಹೇಗೆ ಮುಗಿಸುವುದು?

ಈಗ ನನ್ನ ಮಗಳೂ ಅದನ್ನೇ ಕಲಿತಿದ್ದಾಳೆ. ಇಡೀ ಸಮಿತಿ ಒಪ್ಪಿದೆ, ಇವಳೊಬ್ಬಳು ತುಟಿ ಬಿಚ್ಚುತ್ತಿಲ್ಲ. ಅವಳಿಗೆ ನೀನು ಒಂದು ಮಾತು ಬರೆ. ನನ್ನ ಮಾತು ಕೇಳುವುದಿಲ್ಲ. ನಾನು ಹೇಳಿಯೂ ಇಲ್ಲ, ಅದು ಬೇರೆ.

ಅವಳು ಕೊಳದಲ್ಲಿ ಏನೋ ನೋಡಲು ಹೋಗುತ್ತಾಳೆ ಎಂದು ನಾನೂ ಒಂದು ದಿನ ಹೋಗಿ ನೋಡಿದೆ. ನಮ್ಮ ಮಾಲು ತೇಲುತ್ತಿದೆ. ಎಷ್ಟು ಮಳೆಗಾಲ ಕಂಡಿದೆಯೋ, ನಡುವಿನಲ್ಲಿ ಒಂದಿಷ್ಟೂ ತಗ್ಗು ಬಿದ್ದಿಲ್ಲ. ಕೋಳಿ ಹಾಯಾಗಿ ಕೂತಿದೆ. ನಿನಗೆ ತಿಳಿಸಬೇಕೆನ್ನಿಸಿತು.

ಇಂತಿ,
ಹಾಸಿಗೆ ಅಂಗಡಿಯ ಮಾಲೀಕ,
ನಿನ್ನ ತಮ್ಮ


ಜುಲೈ ೨೨

ತಮ್ಮಾ,

ನಿನ್ನ ಹಾಸಿಗೆ ಇನ್ನೂ ಕರಗಿಲ್ಲ ಎಂದು ನೀನೇ ನಿನ್ನ ಕೈಯಾರೆ ಬರೆದು ಕಳಿಸಿದ್ದೀಯ. ಫಲಕದಲ್ಲಿ ನಾನು ಬರೆದದ್ದೂ ಅದೇ. ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ನಿನ್ನ ಮಗಳಿಗೆ ನಾನೇನು ಬರೆಯಲಿ? ನಾನು ಕೂರು ಎಂದದ್ದಕ್ಕೆ ಕೂತಳು, ಅಷ್ಟೇ. ಉಳಿದದ್ದು ಅವಳದೇ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಹಾಜರಿ ಕೂಗಿದರೆ ಉತ್ತರ ಕೊಡದೆ ಇಡೀ ವರ್ಷ ಗೈರು ಹಾಜರಾಗಿದ್ದಳಲ್ಲ, ಅವಳಿಗೆ ಹಟ ನಾನು ಕಲಿಸಬೇಕೇ? ಮರುವರ್ಷ ದಿನಾ ಬೆಳಿಗ್ಗೆ ಅಂಗಡಿ ತೆರೆಯುವುದು ಬಿಟ್ಟು ಶಾಲೆಯ ಕಿಟಕಿಯ ಹೊರಗೆ ನಿಂತು, “ಬಂದಿದ್ದಾಳೆ ಸಾರ್,” ಎಂದು ಕೂಗುತ್ತಿದ್ದವನು ಯಾರು?

ನಿನಗೆ ಬೆನ್ನುನೋವು ಎಂದು ಗುಬ್ಬಿ ಬರೆದಿದ್ದಳು. ಹಾಸಿಗೆ ಮಾರುವವನಿಗೆ ಬೆನ್ನುನೋವು ಬಂದರೆ ಹೊರಗೆ ಹೇಳಿಕೊಳ್ಳಬೇಡ, ವ್ಯಾಪಾರ ಕೆಡುತ್ತದೆ.

ಇಲ್ಲಿಯ ಮಂಚ ಹಲಗೆಯ ಹಾಗಿದೆ. ಒಂದು ಹಾಸಿಗೆ ಕಳಿಸು. ಹತ್ತಿಯದು.

ಅಕ್ಕ


ಆಗಸ್ಟ್ ೧೪

ಪ್ರೀತಿಯ ಅತ್ತೆ,

ಕೆಲಸ ಕೆಟ್ಟಿತು.

ನಮ್ಮ ಸಭೆಗಳಿಗೆ ಬಂದು ಬಂದು ಇಂಜಿನಿಯರಿಗೆ ಸಾಕಾಗಿದೆ. ಅವರ ಪ್ಯಾಂಟುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿವೆ. ಹಾಗಾಗಿ ವಿಷಯ ನಗರಸಭೆಯ ಅಹವಾಲು ಸಭೆಗೆ ಹೋಗಿದೆ, ಈ ತಿಂಗಳ ಇಪ್ಪತ್ತೆಂಟಕ್ಕೆ. ಅಲ್ಲಿಯ ನಿಯಮ ನಮ್ಮದಕ್ಕೆ ತಿರುಗಾಮುರುಗಾ. ಸಮಿತಿಯ ಸದಸ್ಯರಲ್ಲಿ ಒಬ್ಬರಾದರೂ ಎದ್ದು ನಿಂತು ಬಾಯಿಬಿಟ್ಟು ಬೇಡ ಎಂದರೆ ಯೋಜನೆ ಸಮಿತಿಗೆ ವಾಪಸ್ಸು. ಯಾರೂ ಮಾತಾಡದಿದ್ದರೆ ಒಪ್ಪಿದಂತೆ. ಇಷ್ಟು ದಿನ ಕೊಳ ಉಳಿಸಿದ ನನ್ನ ಬಾಯಿ ಈಗ ಅದನ್ನು ಮುಚ್ಚಿಸುತ್ತದೆ.

ಬರೆದು ಕೊಡೋಣವೆಂದರೆ ಬರಹದ ಆಕ್ಷೇಪಣೆಗೆ ಕೊನೆಯ ದಿನ ದಾಟಿದೆ. ಯಾಕೆ ದಾಟಿತು ಎಂದು ಕೇಳಬೇಡಿ. ಕರಡು ನಾನೇ ಬರೆದಿದ್ದೆ, ಚೆನ್ನಾಗಿಯೇ ಇತ್ತು, ಬರಹವಾದರೆ ಮುಖ ತೋರಿಸಬೇಕಾಗಿಲ್ಲವೆಂದು ಎಲ್ಲರಿಗೂ ಹಿಡಿಸಿತ್ತು. ಆದರೆ ಅದರ ಒಂದೊಂದು ಪದಕ್ಕೂ ಎಲ್ಲರ ಒಪ್ಪಿಗೆ ಬೇಕಲ್ಲ. ‘ಮಾನ್ಯರೇ’ ಎನ್ನಬೇಕೋ ‘ಗೌರವಾನ್ವಿತರೇ’ ಎನ್ನಬೇಕೋ ಎಂಬಲ್ಲಿ ಮೇಷ್ಟ್ರು ಮತ್ತು ಡಾಕ್ಟರಮ್ಮ ನಿಂತುಬಿಟ್ಟರು. ಎರಡು ಸಭೆ ಅದರಲ್ಲೇ ಮುಗಿದವು.

ಬೇರೆ ಯಾರಾದರೂ ಎದ್ದು ಹೇಳಬಹುದಲ್ಲ ಎಂದುಕೊಳ್ಳುತ್ತೀರಿ. ನಾನೂ ಚೀಟಿಯಲ್ಲಿ ಬರೆದು ಬೇಕರಿಯವರನ್ನು ಕೇಳಿದೆ. ಅವರು ಓದಿ ಕಣ್ಣಲ್ಲಿ ನೀರು ತಂದುಕೊಂಡರು. “ಮಗಳೇ, ನಾನು ಒಪ್ಪಿದೆ ಅಂತ ಇಂಜಿನಿಯರ ಎದುರಿಗೇ ಅಂದುಬಿಟ್ಟಿದ್ದೀನಿ. ಈಗ ಯಾವ ಮುಖ ಇಟ್ಕೊಂಡು ಬೇಡ ಅನ್ನಲಿ? ಮಾತಿಗೆ ತಪ್ಪದೆ ಇರೋಳು ನೀನೊಬ್ಬಳೇ,” ಎಂದರು. ಮಾತೇ ಆಡದವಳು ತಪ್ಪುವುದು ಹೇಗೆ? ಎಲ್ಲರೂ ಇದನ್ನೇ ಹೇಳುತ್ತಾರೆ. ಮಾತು ಬರುವವರೆಲ್ಲ ಒಪ್ಪಿ ಕೂತಿದ್ದಾರೆ.

ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿರುವವಳು ನನ್ನನ್ನೇ ನೋಡುತ್ತಾಳೆ, ನಾಚಿಕೆಯಾಗುತ್ತದೆ.

ನೀರುಕೋಳಿಯ ಮರಿಗಳು ಹೊರಬಂದಿವೆ. ಕಪ್ಪು ಉಣ್ಣೆಯ ಉಂಡೆಗಳ ಹಾಗೆ ಹಾಸಿಗೆಯ ಅಂಚಿನಿಂದ ನೀರಿಗೆ ಬೀಳುತ್ತವೆ.

ಅಪ್ಪ ನಿಮಗೆ ಹತ್ತಿಯ ಹಾಸಿಗೆ ಹೊಲಿಸಿ ಕಳಿಸಿದರು. ನಮ್ಮಲ್ಲಿ ಆ ಮಾಲೇ ಇಲ್ಲ. ಎಲ್ಲಿಂದಲೋ ಹೊಲಿಯುವವರನ್ನು ಹುಡುಕಿ ತಂದು, ಪಕ್ಕದಲ್ಲೇ ಕೂತು ಮಾಡಿಸಿದರು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗೋಡೆಗೂ ಹೇಳಲಿಲ್ಲ.

ಅಹವಾಲು ಸಭೆಗೆ ಅಪ್ಪನೂ ಬರುತ್ತಾರೆ, ಅಂಗಡಿಯವರ ಪರವಾಗಿ ಮಾತಾಡಲು.

ಅತ್ತೆ, ನೀವು ಬರಲು ಆಗುವುದಿಲ್ಲವೇ?

ಗುಬ್ಬಿ


ಆಗಸ್ಟ್ ೨೦

ಗುಬ್ಬಿ,

ಆಗುವುದಿಲ್ಲ. ಕೇಳಿದೆ, ಬೇಡಿದೆ, ನಾನು ನಿಲ್ಲಿಸಿದ ಪ್ಲಾಸ್ಟಿಕ್ ಲೋಟಗಳನ್ನು ವಾಪಸ್ಸು ತರಿಸುತ್ತೇನೆ ಎಂದೂ ಹೇಳಿದೆ. ಡಾಕ್ಟರು ಇನ್ನೂ ಒಂದು ತಿಂಗಳು ಎಂದಿದ್ದಾರೆ. ನನ್ನನ್ನು ಕಳಿಸಲು ಇವರಿಗೂ ಆಸೆಯಿದೆ, ಮಂಡಿ ಬಿಡುತ್ತಿಲ್ಲ.

ನಿನಗೆ ಹೇಳಿಕೊಡಲು ನನ್ನ ಹತ್ತಿರ ಏನೂ ಇಲ್ಲ. ನನಗೆ ಯಾವತ್ತೂ ಮಾತು ನಿಲ್ಲಿಸುವುದೇ ಕಷ್ಟವಾಗಿತ್ತು. ಅದಕ್ಕೇ ಶನಿವಾರದ ಮೌನ ಹಚ್ಚಿಕೊಂಡೆ. ನಿನಗೆ ಸುಲಭವಾದದ್ದು ನನಗೆ ವಾರವಾರ ಹೆರಿಗೆ ನೋವು. ಈಗ ನಿನ್ನ ಸರದಿ, ಅಷ್ಟೇ.

ಮಾತು ಬಾರದಿದ್ದರೆ ಬಾರದು. ಕೊಳ ಹೋದರೆ ನಾನು ಅಳುತ್ತೇನೆ, ಆದರೆ ನಿನ್ನನ್ನು ಏನೂ ಅನ್ನುವುದಿಲ್ಲ. ಇದು ನಿಜವಾದ ಮಾತು, ಬೈಯುವುದಿಲ್ಲ ಎಂದು ಬರೆದ ಆವತ್ತಿನ ಹಾಗಲ್ಲ.

ಹಾಸಿಗೆ ಬಂತು. ಗಂಟುಗಂಟು. ಇಲ್ಲಿಯ ವ್ಯಾಯಾಮದ ಹುಡುಗ ಇದನ್ನು ತೆಗೆದು ಫೋಮಿನದು ಹಾಕಿಸಿಕೊಳ್ಳಿ ಎನ್ನುತ್ತಾನೆ. ಬೈದು ಕಳಿಸಿದೆ. ನನ್ನ ತಮ್ಮ ಪಕ್ಕದಲ್ಲಿ ಕೂತು ಮಾಡಿಸಿದ್ದು, ಇದರ ಮೇಲೇ ಮಲಗುತ್ತೇನೆ. ಗಂಟಿನ ವಿಷಯ ಅವನಿಗೆ ಹೇಳಬೇಡ.

ಅತ್ತೆ


ಆಗಸ್ಟ್ ೨೯

ಪ್ರೀತಿಯ ಅತ್ತೆ,

ಮೊದಲಿಂದ ಹೇಳುತ್ತೇನೆ, ಕೊನೆಯ ಪುಟಕ್ಕೆ ಹಾರಬೇಡಿ.

ನಗರಸಭೆಯ ಸಭಾಂಗಣ. ಎತ್ತರದ ಕಿಟಕಿಗಳು, ಕಿರುಗುಟ್ಟುವ ಫ್ಯಾನು, ಮೇಜಿನ ಹಿಂದೆ ಆಯುಕ್ತರು, ಚಿಕ್ಕ ಕೂದಲಿನ, ಚುರುಕು ಕಣ್ಣಿನ ಹೆಂಗಸು. ಬಲಗಡೆ ಅಂಗಡಿಯವರೆಲ್ಲ, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅಪ್ಪ. ಎಡಗಡೆ ನಾವು. ಬೇಕರಿಯವರು ಬಾಯಿ ತಪ್ಪಿ ಏನಾದರೂ ಹೇಳಿಬಿಟ್ಟೇನೆಂದು ಕರವಸ್ತ್ರ ಕಚ್ಚಿಕೊಂಡಿದ್ದರು.

ಇಂಜಿನಿಯರ್ ನಕ್ಷೆ ಬಿಡಿಸಿ ತೋರಿಸಿದರು. ಸಮಿತಿಯವರಲ್ಲಿ ಯಾರದಾದರೂ ತಕರಾರಿದೆಯೇ ಎಂದು ಆಯುಕ್ತರು ಕೇಳಿದರು. ನಾನು ಎದ್ದು ನಿಂತೆ. ಅಲ್ಲಿಯವರೆಗೆ ಸರಿಯಾಗಿಯೇ ಆಯಿತು. ಒಬ್ಬಾತ ಮೈಕು ತಂದು ಬಾಯಿಗೆ ಹಿಡಿದ. ಮೈಕಿನಲ್ಲಿ ನನ್ನ ಉಸಿರು ಇಡೀ ಸಭಾಂಗಣಕ್ಕೆ ಕೇಳಿಸಿತು, ಗಾಳಿ ಹೋಗುತ್ತಿರುವ ಟಯರಿನ ಹಾಗೆ. ಹಿಂದೆ ಯಾರೋ ನಕ್ಕರು. ಅಲ್ಲಿಗೆ ಇದ್ದ ಮಾತೂ ಹೊಟ್ಟೆಗೆ ಇಳಿಯಿತು.

ಆಯುಕ್ತರು ಕಾದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, “ತಕರಾರು ಏನೂ ಇಲ್ಲ ಅಂತ ಬರ್ಕೊಳ್ಳಲಾ?” ಎಂದರು.

ಆಗ ಬಲಗಡೆಯಿಂದ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ನಿಂತಿದ್ದರು.

“ಸ್ವಲ್ಪ ತಡೀರಿ ಮೇಡಂ. ಅವಳಿಗೆ ಹೊತ್ತು ಬೇಕು. ಹುಟ್ಟೋಕೂ ಹೀಗೇ ತಡ ಮಾಡಿದ್ಲು.”

ನೀವು ಯಾರು ಎಂದು ಆಯುಕ್ತರು ಕೇಳಿದರು. ಹಾಸಿಗೆ ಅಂಗಡಿಯವನು, ಅವಳ ಅಪ್ಪ ಎಂದರು ಇವರು. ತಕರಾರು ನಿಮ್ಮದೂ ಇದೆಯೇ ಎಂದು ಕೇಳಿದರು.

“ಇಲ್ಲ ಮೇಡಂ, ನನಗೆ ಆ ಜಾಗ ಬೇಕೇ ಬೇಕು. ಅವಳು ಬೇಡ ಅನ್ನೋಕೆ ಬಂದಿದ್ದಾಳೆ. ನಾನು ಅದಕ್ಕೆ ವಿರೋಧ. ಆದ್ರೆ ಅವಳು ಹೇಳಿ ಮುಗಿಸಲಿ, ಆಮೇಲೆ ನಾನು ವಿರೋಧಿಸ್ತೀನಿ.”

“ಅವಳ ಮಾತು ನೀವೇ ಹೇಳಿಬಿಟ್ರಲ್ಲ.”

“ನಾನು ಹೇಳಿದ್ರೆ ಆಗಲ್ಲ ಮೇಡಂ. ಅವಳು ದೊಡ್ಡವಳಾಗಿದ್ದಾಳೆ.”

ಅಂಗಡಿಯವರು ಅವರ ಅಂಗಿ ಹಿಡಿದು ಎಳೆಯುತ್ತಿದ್ದರು. ಅಪ್ಪ ಕೂರಲಿಲ್ಲ. ಕೈಕಟ್ಟಿಕೊಂಡು ಆಯುಕ್ತರ ಪೆನ್ನನ್ನೇ ನೋಡುತ್ತ ನಿಂತರು. ಅವರು ನಿಂತಿದ್ದಾರಲ್ಲ ಎಂದು ಆಯುಕ್ತರೂ ಬರೆಯಲಿಲ್ಲ. ಇಂಜಿನಿಯರ್ ನಕ್ಷೆಯ ಎರಡು ತುದಿ ಹಿಡಿದೇ ನಿಂತಿದ್ದರು. ಇಷ್ಟು ಜನರನ್ನು ಕಾಯಿಸುತ್ತಿದ್ದೇನೆ ಎಂದು ನನಗೆ ಭಯವಾಗಬೇಕಿತ್ತು, ಆದರೆ ಎಲ್ಲರೂ ನನ್ನನ್ನು ಬಿಟ್ಟು ಅಪ್ಪನನ್ನು ನೋಡುತ್ತಿದ್ದರು. ಯಾರೂ ನೋಡದಿರುವಾಗ ನನಗೆ ಮಾತು ಬರುತ್ತದೆ ಎಂದು ಅವರಿಗೆ ಗೊತ್ತಿತ್ತೇ? ನಾನು ಕೇಳಿಲ್ಲ.

“ನನಗೆ ಒಪ್ಪಿಗೆ ಇಲ್ಲ,” ಎಂದೆ.

ಮೈಕಿನಲ್ಲಿ ಬಂದ ದನಿ ಯಾರದೋ ಎನ್ನಿಸಿತು. ನಿಂತ ಮೇಲೆ ಇನ್ನೇನು ಎಂದು, ಆಳದ ಕಡೆ ಏನೂ ಇಲ್ಲ, ಇರುವುದೆಲ್ಲ ನೀವು ಮುಚ್ಚುವ ಕಡೆ ಇದೆ, ಬೇಕಾದರೆ ಬಂದು ನೋಡಿ ಎಂದೂ ಹೇಳಿದೆ. ಕಪ್ಪೆಯಿಂದ ಕೊಡತಿ ಹುಳದವರೆಗೆ ಹೇಳಿದೆ. ಡಾಕ್ಟರಮ್ಮ ಸಾಕು ಕೂರು ಎಂದು ಕೈಸನ್ನೆ ಮಾಡುವವರೆಗೆ ಹೇಳಿದೆ.

ಆಮೇಲೆ ಅಪ್ಪ ನನ್ನನ್ನು ವಿರೋಧಿಸಿ ಮಾತಾಡಿದರು. ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ತಲೆಯ ಮೇಲೆ ಜೋಡಿ ಹಾಸಿಗೆ ಹೊತ್ತ ಮದುಮಕ್ಕಳ ಕಥೆ ಕೇಳಿ ನಮ್ಮ ಮೇಷ್ಟ್ರೇ ಕಣ್ಣೊರೆಸಿಕೊಂಡರು. ಆಯುಕ್ತರು ಪೂರ್ತಿ ಕೇಳಿ, ನಿಮ್ಮ ಕಷ್ಟ ನಿಜ, ಆದರೆ ನೀವು ಸಮಿತಿಯವರಲ್ಲ, ಇದು ಸಮಿತಿಗೇ ವಾಪಸ್ಸು ಎಂದು ಬರೆದರು. ಬಿಸಿಲಿಳಿದ ಮೇಲೆ ಕೊಳ ನೋಡಲು ತಾವೇ ಬರುವುದಾಗಿ ಹೇಳಿದರು. ಇಂಜಿನಿಯರ್ ನಕ್ಷೆ ಸುತ್ತುತ್ತ, ಮುಂದಿನ ಸಭೆಯಾದರೂ ಬೇಕರಿಯಲ್ಲಿ ಬೇಡ ಎಂದು ಕೇಳಿಕೊಂಡರು.

ಹೊರಗೆ ಬಂದ ಮೇಲೆ ಅಂಗಡಿಯವರು ಯಾರೂ ಅಪ್ಪನ ಜೊತೆ ನಡೆಯಲಿಲ್ಲ. ನಾನು ನಡೆದೆ. ಅವರು ಮುಂದೆ ನೋಡಿಕೊಂಡೇ ಹೆಜ್ಜೆ ಹಾಕಿದರು. ಸೋತಿದ್ದಾರೆ, ಕೋಪ ಬಂದಿರಬೇಕು, ಮನೆಗೆ ಹೋಗಿ ಗೋಡೆಗೆ ಹೇಳುತ್ತಾರೆ ಎಂದುಕೊಂಡೆ. ಅಂಗಡಿಯ ಶಟರು ಎತ್ತಿ, ಬೆನ್ನು ಹಿಡಿದುಕೊಂಡು ನೆಟ್ಟಗಾಗಿ, ಈ ಸಲ ನನ್ನ ಮುಖ ನೋಡಿಯೇ ಹೇಳಿದರು:

“ಮುಂದಿನ ಸಲ ಇಂಥದ್ದೇನಾದ್ರೂ ಇದ್ರೆ ಬೆಳಿಗ್ಗೇನೇ ಹೊರಡೋಣ. ಮೂರು ಮಾತಿಗೆ ಇಷ್ಟು ಹೊತ್ತು ಬೇಕು ಅಂದ್ರೆ, ತಡವಾಗಿ ಹೊರಟ್ರೆ ಒಂದು ದಿನದಲ್ಲಿ ಮುಗಿಯೋದಿಲ್ಲ.”

ನಿಮ್ಮ,
ಗುಬ್ಬಿ